ಎಸ್ ಅಂದ್ರ ಸೋಡಿಯಂ

ಅವ್ವಾ,

ಇದು ನಾಲ್ಕನೇ ಹಾಳಿ. ಮೊದಲಿನ ಮೂರೂ ಹರಿದು ಒಗೆದೆ. ಎರಡು ಸಾಲು ಬರಿಯೂದು, ಏಳೂದು, ಅಂಗಳಕ್ಕ ಹೋಗಿ ತಂತಿ ಮ್ಯಾಲ ಒಣಗಿದ ಅರಿವಿಗಳನ್ನ ಮತ್ತ ತಿರುವಿ ಹಾಕೂದು, ಬಂದು ಕುಂದ್ರೂದು. ನೀ ಹೋಗಿ ಎಂಟು ತಿಂಗಳಾತು. ಮೂಡಲಗಿಯ ಈ ಮನ್ಯಾಗ ನಿನ್ನ ಮಂಚ ಇದ್ದ ಜಾಗಾದಾಗ ಇನ್ನೂ ಏನೂ ಇಟ್ಟಿಲ್ಲ. ನಾ ನಿನಗ ಮಾಡಿದ್ದನ್ನ ನಿನ್ನ ಬಿಟ್ಟು ಬ್ಯಾರೆ ಯಾರಿಗೆ ಹೇಳ್ಲಿ?

ಗೋಕಾಕದ ಕಾಲೇಜಿನ ಆ ಕೆಮಿಸ್ಟ್ರಿ ಲ್ಯಾಬ್ ನೆನಪಾಗ್ತೈತಿ. ಅಪ್ಪ ತೀರಿಕೊಂಡ ಮ್ಯಾಲ ಅವನ ಅಟೆಂಡರ್ ನೌಕರಿ ನಿನಗ ಕೊಟ್ಟಿದ್ರು. ನೀ ಸಾಲಿ ಕಲಿತಿದ್ದು ಮೂರನೇ ಕ್ಲಾಸ್ ತನಕ, ಅದೂ ಕನ್ನಡ. ಇಂಗ್ಲಿಷಿನ ಇಪ್ಪತ್ತಾರು ದೊಡ್ಡ ಅಕ್ಷರ ಅಷ್ಟ ಲ್ಯಾಬಿಗೆ ಬಂದು ಕಲಿತಿ. ಬಾಟ್ಲಿ ಮ್ಯಾಲಿನ ಮೊದಲಕ್ಷರ, ಒಳಗಿನ ಬಣ್ಣ. ಅಷ್ಟರ ಮ್ಯಾಲ ಇಡೀ ಕಪಾಟು ನಿನ್ನ ತಲ್ಯಾಗಿತ್ತು. ಶನಿವಾರ ಸಾಲಿ ಬಿಟ್ಟ ಕೂಡ್ಲೆ ನಾ ಬಂದು ಸ್ಟೂಲಿನ ಮ್ಯಾಲ ಕುಂತು, "ಎಂ?" ಅಂತಿದ್ದೆ. ನೀ ಟೆಸ್ಟ್ ಟ್ಯೂಬ್ ತೊಳಕೋತ, ಹೊಳ್ಳಿ ಸುದ್ದಾ ನೋಡದ, "ಮ್ಯಾಗ್ನೀಸಿಯಂ, ಮ್ಯಾಂಗನೀಸ್, ಮರ್ಕ್ಯುರಿ."

"ಝೆಡ್?"

"ಝಿಂಕ್ ಒಂದ."

"ಜೆ?"

"ಜೆ ಒಂದೂ ಇಲ್ಲ. ಸರ್‌ನ ಕೇಳೇನಿ. ನಮ್ಮ ಕಪಾಟಿನ್ಯಾಗ ಅಷ್ಟ ಅಲ್ಲ, ಜಗತ್ತಿನ್ಯಾಗನ ಇಲ್ಲಂತ!" ಅದನ್ನ ಹೇಳುವಾಗ ನಿನ್ನ ಮಾರಿ ಮ್ಯಾಲ ಎಷ್ಟು ಹೆಮ್ಮೆ.

ರಿಟೈರಾಗಿ ನನ್ನ ಮನಿಗೆ ಬಂದ ಮುಂದಿನ ವರ್ಷ ನಿನಗ ಲಕ್ವಾ ಹೊಡೀತು. ರೊಟ್ಟಿ ಬಡಿಯಾಕ ಕುಂತಾಕಿ ಹಿಟ್ಟಿನ ಮ್ಯಾಲ ವಾಲಿದಿ. ಕೈಯಾಗ ಸ್ವಲ್ಪ ಶಕ್ತಿ ತಿರುಗಿ ಬಂತು, ಮಾತು ಬರ್ಲಿಲ್ಲ. ಗೋಕಾಕದಾಗ ಮಾತಿನ ಚಿಕಿತ್ಸಾ ಮಾಡೂ ಮೇಡಂ ನಿನ್ನ ಮುಂದ ಕುಂತು, "ಅಜ್ಜಿ, ಬ ಅಕ್ಷರದಿಂದ ಯಾವುದಾದ್ರೂ ಒಂದು ಮಾತು ಹೇಳ್ರಿ" ಅಂದ್ರು. ಬದನಿಕಾಯಿ, ಬಾಗಲಾ, ಬಸವಣ್ಣ... ಒಂದೂ ನಿನ್ನ ನಾಲಿಗಿಗೆ ಬರ್ಲಿಲ್ಲ. ನನಗ ತಡಕೊಳ್ಳಾಕ ಆಗ್ಲಿಲ್ಲ. ನಾ ಸುಮ್ಮನ, "ಝೆಡ್?" ಅಂದೆ. ನಿನ್ನ ತುಟಿ ಸೊಟ್ಟಾತು. "ಝಿಂಕ್" ಅಂದಿ. ಎರಡು ತಿಂಗಳ ಮ್ಯಾಲ ಮೊದಲನೇ ಮಾತು! ಮೇಡಂ ಖುರ್ಚಿ ಬಿಟ್ಟು ಎದ್ದಬಿಟ್ರು.

ಅವತ್ತಿನಿಂದ ಮನ್ಯಾಗ ಬರೀ ಅದ. ಸಿ, ಐ, ಪಿ. ಕಾಪರ್, ಅಯೋಡಿನ್, ಪೊಟ್ಯಾಸಿಯಂ. ನನಗ ಬೇಕಾಗಿದ್ದು ಅವು ಆಗಿದ್ವೇನ? ನನಗ ಒಂದ ಹೆಸರು ಬೇಕಾಗಿತ್ತು. "ಎಸ್?" ಅಂತ ಕೇಳಿ ನಿನ್ನ ಬಾಯಿ ನೋಡ್ಕೋತ ಕುಂದರ್ತಿದ್ದೆ. "ಸೋಡಿಯಂ, ಸಲ್ಫರ್, ಸಿಲ್ವರ್." "ಆಮ್ಯಾಲ?" ನೀ ಛತ್ತು ನೋಡ್ತಿದ್ದಿ. ಮತ್ತ ಸೋಡಿಯಂ. ನನ್ನ ನೋಡಿ ಸುನಂದಾ ಅಂತ ಒಂದ ಸಲ ಅಂದಿದ್ರ...

ಕಡೀಕ ನೀ ನನ್ನ ಕರಿಯಾಕ ಸುರು ಮಾಡಿದ್ದ ಹಾಂಗ. ನೀರು ಬೇಕಾದ್ರ "ಸೋಡಿಯಂ." ಹೊಳ್ಳಿ ಮಲಗಬೇಕಾದ್ರ "ಸೋಡಿಯಂ." ಅಂಕಲಗಿಯಿಂದ ಚಿಗವ್ವ ಮಕ್ಕಳನ್ನ ಕರ್ಕೊಂಡು ನಿನ್ನ ನೋಡಾಕ ಬಂದ ದಿವಸ ನೀ ಎಲ್ಲಾರ ಮುಂದ ಕರೆದಿ. ಎಲ್ಲಾರೂ ನಕ್ಕರು. ನನ್ನ ತಲಿ ಕೆಟ್ಟಿತು. "ಬಾಟ್ಲಿ ಹೆಸರು ಬರ್ತಾವು, ಹೊಟ್ಟ್ಯಾಗ ಹುಟ್ಟಿದಾಕಿ ಹೆಸರು ಬರಾಂಗಿಲ್ಲೇನ? ನನ್ನ ಹೆಸರು ಹಿಡಿದು ಕರಿಯೂ ತನಕ ನಾ ಬರಾಂಗಿಲ್ಲ!" ಅಂದೆ.

ಎರಡು ಸಲ ಮತ್ತ ಕರೆದಿ. ನಾ ಅಡಗಿಮನ್ಯಾಗ ನಿಂತು ಕೇಳಿದೆ, ಹೋಗ್ಲಿಲ್ಲ. ಆಮ್ಯಾಲ ನೀ ಕರಿಯೂದ ಬಿಟ್ಟಿ. ಬೇಕಾದಾಗ ಮಂಚದ ಕಬ್ಬಿಣಕ್ಕ ಗ್ಲಾಸ್ ಬಡೀತಿದ್ದಿ. ಬಡದಾಗ ಬಂದೆ, ನೀರು ಕೊಟ್ಟೆ, ಮಾತಾಡ್ಲಿಲ್ಲ. ನಾಲ್ಕು ದಿವಸ, ಅವ್ವಾ. ಐದನೇ ದಿವಸ ಮುಂಜಾನೆ ಚಾ ತಂದಾಗ ನೀ ಇರ್ಲಿಲ್ಲ.

ನಿನಗ ಮಾತು ಕಲಿಸಾಕ ಮೇಡಂ ಕೊಟ್ಟಿದ್ದ ಚಿತ್ರದ ಕಾರ್ಡ್ ತಿರುಗಿ ಕೊಡಾಕ ಗೋಕಾಕಕ್ಕ ಹೋಗಿದ್ದೆ. ಮೇಡಂ ಮುಂದ ಎಲ್ಲಾ ಹೇಳಿದೆ. ಅವ್ರು ಕೇಳಿದ್ರು, "ಝಿಂಕ್ ಅಂತ, ಕಾಪರ್ ಅಂತ ಯಾವಾಗಾದ್ರೂ ನಿಮ್ಮನ್ನ ಕರೆದಿದ್ರೇನ್ರಿ?"

"ಇಲ್ರಿ. ಯಾವತ್ತೂ ಸೋಡಿಯಂ ಅಂತನ."

"ಹಂಗಾರ ಅವ್ರು ನಿಮ್ಮ ಅಕ್ಷರದಾಗನ ಹುಡುಕಾಕತ್ತಿದ್ರು, ಸುನಂದಾ."

ಖರೇನ ಅವ್ವಾ? ಇಲ್ಲಾ ನನಗ ಸಮಾಧಾನ ಆಗ್ಲಿ ಅಂತ ಹೇಳಿದ್ರೋ? ಬಸ್‌ನ್ಯಾಗ ಕುಂದ್ರಾಕ ಆಗ್ಲಿಲ್ಲ ನನಗ. ಸೀಟ್ ಖಾಲಿ ಇದ್ರೂ ಮೂಡಲಗಿ ತನಕ ನಿಂತ ಬಂದೆ.

ಈಗ ನಿನಗ ಗೊತ್ತಿಲ್ಲದ ಸುದ್ದಿ. ಹೋದ ವಾರ ಮೇಡಂ, ಅವ್ವನ್ನ ಕೇಳಿದಂಗ ಇವರನ್ನೂ ಕೇಳಿ ನೋಡ್ರಿ ಅಂತ, ನನ್ನ ಹುಕ್ಕೇರಿಗೆ ಕರ್ಕೊಂಡು ಹೋಗಿದ್ರು. ಅಲ್ಲೊಬ್ರು ರಿಟೈರಾದ ಬಸ್ ಕಂಡಕ್ಟರ್ ಅದಾರ, ಅವರಿಗೂ ನಿನ್ನಂಗ ಲಕ್ವಾ. ಮೂರು ತಿಂಗಳಿಂದ ಒಂದು ಮಾತಿಲ್ಲ. ಸೊಸಿ ಬಾಜೂಕ ಕುಂತು ಗಂಜಿ ಕುಡಿಸಾಕತ್ತಿದ್ಲು. ಮೇಡಂ ಕಾರ್ಡ್ ತೋರಿಸಿ ತೋರಿಸಿ ದಣಿದ್ರು. ನಾ ಹೆದರ್ಕೋತ ಮುಂದ ಸರಿದು, "ಹುಕ್ಕೇರಿ ಬಿಟ್ಟಿತ್ರಿ ಗಾಡಿ. ಮುಂದಿನ ಸ್ಟಾಪ್ ಯಾವುದ್ರಿ?" ಅಂತ ಕೇಳಿದೆ. ಏನೂ ಇಲ್ಲ. ಮತ್ತ ಕೇಳಿದೆ. ಅವ್ರ ಕುತ್ತಿಗಿ ನರ ಎದ್ದು ಕಂಡ್ವು.

"ಹ... ಹತ್ತರಗಿ."

ಸೊಸಿ ಕೈಯಾಗಿನ ಚಮಚಾ ಕೆಳಗ ಬಿತ್ತು. ಅವ್ರು ನಿಧಾನಕ ಅಕಿ ಕಡೆ ಹೊಳ್ಳಿದ್ರು. "ಇಳಿಯವ್ರು... ಯಾರ?" ಅಂದ್ರು.

ಅಕಿ ಅಳಕೋತ ಅವ್ರ ಕೈ ಹಿಡದ್ಲು. "ನಾ ಇಳಿಯಾಂಗಿಲ್ರಿ ಮಾವಾರ. ನಾ ಇಲ್ಲೇ ಅದೀನ್ರಿ. ಹೋಗೋಣ್ರಿ ಮುಂದ."