ಉಪವಾಸದ ಕೇರಿಯ ಹೊಗೆ

ಮಾದನಹಿಪ್ಪರಗಾ
ತಾ. ೨೯-೯-೧೯೪೮, ಬುಧವಾರ

ನನ್ನ ಮುದ್ದಿನ ಅಮೃತನಿಗೆ ನಿನ್ನವ್ವ ಕಸ್ತೂರಿಬಾಯಿ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಸೊಲ್ಲಾಪುರದ ಗಿರಣಿಯ ಹತ್ತಿಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ಬಿಸಿನೀರು ಕುಡಿ ಅಂದರೆ ಕುಡಿಯುವವನಲ್ಲ ನೀನು, ನಿಮ್ಮಪ್ಪನದೇ ಹಟ. ರೊಟ್ಟಿ ಬಡಿಯಲು ಕಲಿತೆನೆಂದು ಬರೆದಿದ್ದೆ, ಓದಿ ನಕ್ಕೆ. ದುಂಡಗೆ ಬರದಿದ್ದರೂ ಚಿಂತೆಯಿಲ್ಲ, ಹೊಟ್ಟೆಗೆ ಬಿದ್ದರೆ ಸಾಕು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಜೀವಂತ ಇದ್ದೇನೆ. ಈ ಪತ್ರವನ್ನು ಓದಿ ಒಲೆಗೆ ಹಾಕು, ಯಾರಿಗೂ ತೋರಿಸಬೇಡ.

ಯೂನಿಯನ್ ಸೈನ್ಯ ಬಂದು ರಜಾಕಾರರ ಆಟ ಮುಗಿದ ಸುದ್ದಿ ನಮಗಿಂತ ಮೊದಲೇ ನಿನಗೆ ತಿಳಿದಿರಬೇಕು. ನಾವೂ ಕುಣಿದೆವು. ನಾಲ್ಕು ದಿನ, ಅಷ್ಟೇ. ಆಮೇಲೆ ಸೇಡಿನ ಗುಂಪುಗಳು ಎದ್ದವು. ಬಂದೂಕು ಹಿಡಿದು ಮೆರೆದವರೆಲ್ಲ ಓಡಿಹೋಗಿದ್ದರು. ಕೈಗೆ ಸಿಕ್ಕವರು ಮನೆಯಲ್ಲಿ ಕುಳಿತ ಮುದುಕರು, ಹೆಂಗಸರು. ನಮ್ಮ ದರ್ಜಿ ಶರಫುದ್ದೀನ ಸಾಹೇಬರನ್ನು ಹೊಲದ ಕಡೆಗೆ ಎಳೆದುಕೊಂಡು ಹೋದವರು ತಿರುಗಿ ಕರೆತರಲಿಲ್ಲ. ಆ ಹೆಸರು ಕೇಳಿದ ಕೂಡಲೇ ನೀನು ಹಲ್ಲು ಕಡಿಯುತ್ತೀ, ಗೊತ್ತು. ಅವರ ಮಗ ಅಬ್ದುಲ್ ಗನಿ ರಜಾಕಾರರ ಖಾಕಿ ತೊಟ್ಟು ಬಂದು ನಿಮ್ಮಪ್ಪನನ್ನು ಪ್ರಾರ್ಥನಾ ಮಂದಿರದ ಮುಂದೆಯೇ ಬಡಿದದ್ದು, ಎಂಟನೆಯ ದಿನ ನಾವು ಅವರನ್ನು ಮಣ್ಣಿಗಿಟ್ಟದ್ದು, ಮಣ್ಣು ಹಾಕಿದ ಕೈಯನ್ನು ತೊಳೆಯದೆ ನೀನು "ಅವನ ಮನ್ಯಾಗಿನ ಒಂದು ಜೀವಾನೂ ಬಿಡಂಗಿಲ್ಲಬೇ ಯವ್ವಾ" ಎಂದು ಆಣೆ ಮಾಡಿದ್ದು, ಇದೆಲ್ಲ ಆಗಿ ಇನ್ನೂ ಮೂರು ತಿಂಗಳೂ ಕಳೆದಿಲ್ಲ. ಅಂದಿನಿಂದ ಕರ್ತನ ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬ ಸಾಲು ಬಂದಾಗ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಉಳಿದವರು ಹೇಳಿ ಮುಗಿಸಿದ ಮೇಲೆ ಮುಂದಿನ ಸಾಲಿಗೆ ಸೇರಿಕೊಳ್ಳುತ್ತೇನೆ.

ಊರಿನಲ್ಲಿ ಹೀಗೆ ರಕ್ತ ಹರಿಯುವಾಗ ನಾವೇನು ಮಾಡಬಲ್ಲೆವು? ನಮ್ಮ ಕಿರಿಸ್ತಾನ ಸಭೆಯ ಹನ್ನೊಂದು ಮನೆಯವರೂ ಕೂಡಿ ಶುಕ್ರವಾರದಿಂದ ಭಾನುವಾರದವರೆಗೆ ಉಪವಾಸ ಪ್ರಾರ್ಥನೆ ಹಿಡಿದೆವು. ನಿಮ್ಮಪ್ಪ ಹೋದ ಮೇಲೆ ಉಪದೇಶಿ ಎಂಬುವರಿಲ್ಲ, ಹಿರಿಯಳೆಂದು ಮಾಣಿಕಮ್ಮನೇ ಎಲ್ಲ ನಡೆಸುತ್ತಾಳೆ. ಆಕೆಯ ಕಟ್ಟುನಿಟ್ಟು ನಿನಗೆ ಗೊತ್ತಲ್ಲ, ಉಪವಾಸದ ದಿನ ನಾಲ್ಕು ಶೇಂಗಾ ಬಾಯಿಗೆ ಹಾಕಿದ್ದಕ್ಕೆ ನಿನ್ನ ಕಿವಿ ಹಿಂಡಿ ಕೆಂಪು ಮಾಡಿದ್ದಳು. ರೂಢಿಯಂತೆ ಎಲ್ಲರೂ ಒಲೆಯ ಬೂದಿ ತೆಗೆದು, ಸಾರಿಸಿ, ಕಿಡಿ ತಾಕಿಸದೆ ಬಿಟ್ಟೆವು. ಉಳಿದ ಜೋಳವನ್ನೆಲ್ಲ ಮಂದಿರದ ಗಡಿಗೆಗೆ ಸುರಿದೆವು. ನಮ್ಮ ಕೇರಿಯ ಮೇಲೆ ಹೊಗೆ ಕಾಣದಿದ್ದರೆ ಕಿರಿಸ್ತಾನರು ಉಪವಾಸ ಕೂತಿದ್ದಾರೆ ಎಂದು ಊರಿಗೆ ಊರೇ ತಿಳಿದುಕೊಳ್ಳುತ್ತದೆ.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಶರಫುದ್ದೀನರ ಹೆಂಡತಿ ಖಾಜಾಬೀ ಮಂದಿರದ ಬಾಗಿಲಿಗೆ ಬಂದು ನಿಂತಳು. ಸೊಂಟದಲ್ಲಿ ಅಬ್ದುಲ್ ಗನಿಯ ಮಗಳು, ನಾಲ್ಕು ವರ್ಷದ್ದು. "ಈ ಕೂಸಿನರ ಉಳಸ್ರಿ ಅಕ್ಕಾ, ನಾ ಬೇಕಾದ್ರ ಹೊರಗ ಹೋಗ್ತೇನಿ" ಎಂದಳು. ಒಳಗಿದ್ದವರೆಲ್ಲ ನನ್ನ ಮುಖ ನೋಡಿದರು. ಮಾಣಿಕಮ್ಮ, "ಕಸ್ತೂರಿ, ನೀ ಹ್ಞೂಂ ಅಂದ್ರ ಇರ್ತಾರ, ಒಲ್ಲೆ ಅಂದ್ರ ಹೋಗ್ತಾರ. ನಾವ್ಯಾರೂ ನಡುವ ಬಾಯಿ ಹಾಕಂಗಿಲ್ಲ" ಎಂದುಬಿಟ್ಟಳು. ಆ ಮುದುಕಿಯ ಮೇಲೆ ನನಗೆ ಎಂಥ ಸಿಟ್ಟು ಬಂತು ಗೊತ್ತೇ? ಆ ಭಾರವನ್ನು ನನ್ನ ತಲೆಗೇ ಕಟ್ಟಬೇಕಿತ್ತೇ? ನಾನು ಪ್ರೀತಿಯಿಂದ ಹ್ಞೂಂ ಅನ್ನಲಿಲ್ಲ ಮಗನೇ. ಹೊರಗೆ ಕಳಿಸಿದರೆ ಇಬ್ಬರೂ ಬೆಳಗು ಕಾಣುವುದಿಲ್ಲ, ಅದನ್ನು ಹೊತ್ತು ಬದುಕುವುದು ನನ್ನಿಂದಾಗದು ಎಂದು ಹ್ಞೂಂ ಅಂದೆ. ಹಿಂದಿನ ಕೋಣೆಯಲ್ಲಿ ಇಟ್ಟೆವು. ಖಾಜಾಬೀಯೂ ನಮ್ಮೊಂದಿಗೆ ಉಪವಾಸ ಹಿಡಿದಳು. ನಾವು ನೀರಾದರೂ ಕುಡಿಯುತ್ತಿದ್ದೆವು, ಅವಳು ಹೊತ್ತು ಮುಳುಗುವವರೆಗೆ ಅದನ್ನೂ ಮುಟ್ಟಲಿಲ್ಲ.

ಶನಿವಾರ ಮಗುವಿಗೆ ಜ್ವರ ಬಂತು. ಅಳಲೂ ತ್ರಾಣವಿರಲಿಲ್ಲ ಅದಕ್ಕೆ. ನಾನು ಗಡಿಗೆಯಿಂದ ಹಿಡಿ ಜೋಳ ತೆಗೆದು, ಬೀಸಿ, ಮಂದಿರದ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಂಬಲಿ ಕಾಸಿದೆ. ಹಾಡುಹಗಲು! ಹೊಗೆ ಏಳುತ್ತದೆ, ಊರೆಲ್ಲ ನೋಡುತ್ತದೆ ಎಂಬುದು ಈ ಬುದ್ಧಿಗೇಡಿಗೆ ಹೊಳೆಯಲೇ ಇಲ್ಲ. ಬಟ್ಟಲಿಗೆ ಬಗ್ಗಿಸುವಷ್ಟರಲ್ಲಿ ಜಗದೇವಪ್ಪ ಐದಾರು ಜನರನ್ನು ಕಟ್ಟಿಕೊಂಡು ಬಂದ. ಗೌಡರ ಮನೆಯ ಬಂಟ, ಅವನೇ ಈಗ ಸೇಡಿನ ಗುಂಪಿನ ಮುಂದಾಳು. "ಉಪಾಸದ ಕೇರ್ಯಾಗ ಹೊಗಿ ಹೆಂಗ ಬಂತಬೇ ಮಾಣಿಕಮ್ಮ? ಯಾರಿಗಿ ಉಣಸಾಕತ್ತೀರಿ?" ಎಂದ. ಗೋಡೆಯಾಚೆ ಮಗು ಒಮ್ಮೆ ಕೆಮ್ಮಿದ್ದರೂ ಎಲ್ಲ ಮುಗಿಯುತ್ತಿತ್ತು. ಮಾಣಿಕಮ್ಮ ನನ್ನ ಕೈಯಿಂದ ಬಟ್ಟಲು ಕಸಿದುಕೊಂಡು, ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಬಾಯಿ ಸುಡುತ್ತಿದ್ದರೂ ಸೊರ್ರೆಂದು ಪೂರ್ತಿ ಕುಡಿದಳು. "ನನಗs ಮಾಡಿಸಿದ್ನಿ ತಮ್ಮಾ. ಮುದುಕಿ ಅದೀನಿ, ಹಸಿವು ತಡೀಲಿಲ್ಲ. ದೇವರಿಗಿ ಕಾಣದಂಗ ಕುಡೀಬೇಕಂದ್ರ ನಿನಗ ಕಂಡ್ತು ನೋಡು" ಎಂದಳು. ಗುಂಪು ಬಿದ್ದು ಬಿದ್ದು ನಕ್ಕಿತು. ಇದೇ ಏನು ಇವರ ಭಕ್ತಿ ಎಂದು ಆಡಿಕೊಳ್ಳುತ್ತ ಹೋದರು. ಮತ್ತೆ ಬೆಂಕಿ ಹಚ್ಚುವ ಧೈರ್ಯವಾಗದೆ ಮಗುವಿಗೆ ಹಸಿಹಿಟ್ಟನ್ನೇ ನೀರಲ್ಲಿ ಕದಡಿ ಕುಡಿಸಿದೆವು.

ಹುಟ್ಟಿದಾಗಿನಿಂದ ಒಂದು ಉಪವಾಸ ಮುರಿಯದವಳು ಆಕೆ. ಭಾನುವಾರ ಉಪವಾಸ ಬಿಡುವಾಗ ಎಲ್ಲರೂ ಒಂದೇ ಬುಟ್ಟಿಯ ರೊಟ್ಟಿ ಮುರಿದು ತಿನ್ನುತ್ತೇವಲ್ಲ, ಆಗ ಮಾಣಿಕಮ್ಮ ಬಾಗಿಲ ಬಳಿಗೆ ಸರಿದು ಕುಳಿತಳು. "ನಂದು ಮುರದದ, ಸುಳ್ಳೂ ಆಡೇನಿ. ನೀವ್ ತಿನ್ರಿ" ಎಂದಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ನಾನು ರೊಟ್ಟಿ ಹಿಡಿದುಕೊಂಡೇ ಅತ್ತೆ. ಆಕೆ ತನ್ನ ಇಷ್ಟು ವರ್ಷದ ಮಾನವನ್ನು ಒಂದು ಬಟ್ಟಲಿನಲ್ಲಿ ಕಳೆದುಕೊಂಡಳು, ನಾನು ಒಂದು ಸಾಲು ಹೇಳಲಾರದೆ ಕುಳಿತಿದ್ದೇನೆ. ಆ ದಿನವೂ ಆ ಸಾಲು ನನ್ನ ಬಾಯಿಂದ ಬರಲಿಲ್ಲ. ನಿನಗೆ ಸುಳ್ಳು ಯಾಕೆ ಬರೆಯಲಿ?

ಜಗದೇವಪ್ಪನ ಅನುಮಾನ ಹೋಗಿಲ್ಲ. ನಾಳೆ ಗುರುವಾರ ಹನ್ನೊಂದು ಮನೆಗಳನ್ನೂ ಮಂದಿರವನ್ನೂ ಹುಡುಕಿಸುತ್ತೇನೆಂದು ಸಾರಿದ್ದಾನೆ. ಅಜ್ಜಿ ಮೊಮ್ಮಗಳು ಇಂದೇ ಊರು ಬಿಡಬೇಕು. ಎಲ್ಲಿಗೆ ಎಂದು ಬರೆಯಲು ಹೋಗುತ್ತೇನೆ, ಕೈ ಬರುವುದಿಲ್ಲ. ಮಾಣಿಕಮ್ಮ ನಿನ್ನನ್ನು ಕೇಳಿದ್ದಾಳೆ, ಕೇರಿಯವರೆಲ್ಲ ವಂದನೆ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ಕರ್ತನು ನಿನ್ನ ಮೈಯನ್ನೂ ಮನಸ್ಸನ್ನೂ ಕಾಯಲಿ.

ಇಂತಿ ನಿನ್ನ ದಾರಿ ಕಾಯುವ
ಅವ್ವ, ಕಸ್ತೂರಿಬಾಯಿ

ತಾ.ಕ.: ಗಾಡಿ ಬಾಗಿಲಿಗೆ ಬಂದಿದೆ, ಬರೆದೇ ಬಿಡುತ್ತೇನೆ. ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವಳೇ ಖಾಜಾಬೀ. ಗೋಷಾದಲ್ಲಿದ್ದವಳು, ನೀನು ಮುಖ ನೋಡಿಲ್ಲ. ನಾನು ಮಿಷನ್ ಶಾಲೆಗೆ ಉಡುವ ಬಿಳಿ ಸೀರೆ ಉಡಿಸಿ, ಕೇಳಿದವರಿಗೆ ನನ್ನ ಅಕ್ಕ ಎನ್ನಲು ಹೇಳಿಕೊಟ್ಟು, ದುಧನಿ ಸ್ಟೇಶನ್ನಿನಿಂದ ರೈಲು ಹತ್ತಿಸುತ್ತಿದ್ದೇನೆ. ಗಡಿಯಾಚೆ ನನಗೆ ನೀನಲ್ಲದೆ ಯಾರಿದ್ದಾರೆ? ನಿನ್ನ ಆಣೆ ಅವಳಿಗೂ ಗೊತ್ತು, ನಾನೇ ಹೇಳಿದೆ. ಆದರೂ ಹೊರಟಿದ್ದಾಳೆ. ನೀನು ಇದನ್ನು ಓದುವಷ್ಟು ಹೊತ್ತೂ ಹೊಸ್ತಿಲಾಚೆ ನಿನ್ನ ಮುಖವನ್ನೇ ನೋಡುತ್ತ ನಿಂತಿರುತ್ತಾಳೆ. ಕ್ಷಮಿಸು ಅಂತ ಕೇಳುವುದಿಲ್ಲ, ಅದು ನನ್ನಿಂದಲೇ ಆಗಿಲ್ಲ. ಮಗು ಹಸಿದಿರುತ್ತದೆ. ಮೊದಲು ಅದಕ್ಕೆ ಉಣ್ಣಲು ಹಾಕು.