ಹಳದಿ ತಟ್ಟೆಗೆ ಬಿದ್ದ ಫೋಟೊ

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ನಮಸ್ಕಾರ. ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ, ಕೈ ಮುಂದೆ ಹೋಗಲಿಲ್ಲ. ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಫೋನಿನಲ್ಲಿ ನೀವು ಹೂಂ ಹೂಂ ಅನ್ನುತ್ತೀರಿ, ನಾನು ರೇಗುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದವಾದರೆ ನೀವು ಎಷ್ಟು ಹೂಂ ಅಂದರೂ ನನಗೆ ಕೇಳಿಸುವುದಿಲ್ಲ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ದೊರೆಸಾನಿಗೆ ಕೆಲಸ ಸಿಕ್ಕಿದೆ. ನಿಮ್ಮ ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ, ನಿಮ್ಮ ಅಂಗಡಿಯಿಂದ ಎರಡೇ ಬಸ್ ಸ್ಟಾಪು. ಮುಂದಿನ ತಿಂಗಳು ಸೇರಿಕೊಳ್ಳಬೇಕು. ಅವಳು ನಿಮ್ಮ ಮನೆಯಲ್ಲಿ ಇರುವುದು ಅಂತ ತೀರ್ಮಾನವಾಗಿದೆ. ತೀರ್ಮಾನ ಮಾಡಿದವಳು ನಾನಲ್ಲ, ಅವಳೇ. ನೀವು ಆಗಲಿ ಅನ್ನಬೇಕು, ಅದಕ್ಕೇ ಈ ಕಾಗದ.

ದೊರೆಸಾನಿ ಅಂತ ಹೆಸರಿಟ್ಟವರು ನೀವೇ. ಓರಗೆಯ ಮಕ್ಕಳೆಲ್ಲ ಬೀದಿ ತುಂಬ ಓಡುತ್ತಿದ್ದಾಗ ಇವಳು ಒಂದು ಹೆಜ್ಜೆ ಇಟ್ಟು, ನಿಂತು, ನೆಲ ನೋಡಿ, ಆಮೇಲೆ ಇನ್ನೊಂದು ಇಡುತ್ತಿದ್ದಳು. ನಮ್ಮ ದೊರೆಸಾನಿಯವರಿಗೆ ಅವಸರ ಆಗಿಬರಲ್ಲ ಅಂತ ನೀವು ನಗುತ್ತಿದ್ದಿರಿ. ಈ ಮಗುವಿನ ಬುದ್ಧಿ ನಿಧಾನಕ್ಕೆ ಬೆಳೆಯುತ್ತದೆ, ಎಲ್ಲಿಯವರೆಗೆ ಬೆಳೆಯುತ್ತದೋ ಹೇಳಲಾಗುವುದಿಲ್ಲ ಅಂತ ಡಾಕ್ಟರು ಅಂದ ಮೇಲೂ ನಿಮ್ಮ ನಗು ನಿಲ್ಲಲಿಲ್ಲ. ನನಗೆ ಅದಕ್ಕೇ ನಿಮ್ಮ ಮೇಲೆ ಸಿಟ್ಟು. ಆಮೇಲೆ ಅವಳನ್ನು ಒಬ್ಬಳೇ ಮೂಲೆಯಂಗಡಿಗೆ ಕಳಿಸಿದಿರಲ್ಲ, ನಾನು ಚಪ್ಪಲಿಯಿಲ್ಲದೆ ಹಿಂದೆ ಓಡಿದೆನಲ್ಲ, ಆ ಸಂಜೆ ಆಡಿದ ಮಾತುಗಳು ನಿಮಗೂ ನೆನಪಿರುತ್ತವೆ. ನೀನು ಅವಳನ್ನ ಬೆಳೆಯೋಕೆ ಬಿಡಲ್ಲ ಅಂದಿರಿ. ನೀವು ಅವಳನ್ನ ಸಾಯೋಕೆ ಬಿಡ್ತೀರಿ ಅಂದೆ. ಅಂಥ ಮಾತಾದ ಮೇಲೆ ಇಬ್ಬರು ಒಂದೇ ಮನೆಯಲ್ಲಿ ಉಣ್ಣುವುದು ಕಷ್ಟ. ನೀವು ನಿಮ್ಮ ಗಡಿಯಾರ ರಿಪೇರಿಯ ಪೆಟ್ಟಿಗೆ ಎತ್ತಿಕೊಂಡು ಹೋದಿರಿ, ನಾನು ಹೊಲಿಗೆ ಮೆಷಿನ್ನಿಗೆ ಅಂಟಿಕೊಂಡೆ.

ಅವಳು ಹೋಗುವ ಕೇಂದ್ರದ ಬಗ್ಗೆ ಭಾನುವಾರದ ಫೋನಿನಲ್ಲಿ ಅವಳೇ ನಿಮಗೆ ಹೇಳುತ್ತಿದ್ದಳು, ಆದರೆ ಅವಳು ಹೇಳಿದ್ದರಲ್ಲಿ ನಿಮಗೆಷ್ಟು ತಿಳಿಯಿತೋ. ಅದು ಶಾಲೆಯಂಥ ಶಾಲೆಯಲ್ಲ. ಟೈರ್ ಅಂಗಡಿಯ ಮೇಲಿನ ಒಂದು ಉದ್ದ ಹಾಲು, ಹಿಂದೆ ಒಂದು ಕೋಣೆ. ಶಾಲೆಗಳು ಕೈಬಿಟ್ಟವರು, ಶಾಲೆಯನ್ನೇ ಕೈಬಿಟ್ಟವರು ಅಲ್ಲಿಗೆ ಬರುತ್ತಾರೆ. ಹತ್ತು ಜನಕ್ಕೆ ಹತ್ತು ಪಾಠ. ಕ್ಯಾಂಟೀನಿನಲ್ಲಿ ಕೆಲಸ ಬೇಕೆಂದ ಒಬ್ಬಾಕೆಗೆ ಲೆಕ್ಕವೆಲ್ಲ ಲೋಟ ತಟ್ಟೆಗಳಲ್ಲಿ. ಬಸ್ಸಿನ ಹುಚ್ಚಿರುವ ಒಬ್ಬನಿಗೆ ಓದು ಬರಹವೆಲ್ಲ ಬಸ್ಸಿನ ಬೋರ್ಡುಗಳಲ್ಲಿ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಒಬ್ಬೊಬ್ಬರ ಅಳತೆ ತೆಗೆದು ಹೊಲಿದ ಪಾಠ. ಇಲ್ಲಿ ಮೊದಲ ಮೆಟ್ಟಿಲು ಹತ್ತಿಸಿ, ಮುಂದಿನ ಓದಿಗೋ ಕೆಲಸಕ್ಕೋ ಕಳಿಸುವುದು ಅವರ ಉದ್ದೇಶ.

ನಮ್ಮವಳಿಗೆ ಸಿಕ್ಕ ಟೀಚರಮ್ಮ ಮೊದಲ ಕೆಲವು ವಾರ ಏನೂ ಕಲಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಚೆನ್ನಾಗಿದೆ ಇವರ ಸಂಬಳ ಅಂದುಕೊಂಡೆ. ಆಮೇಲೆ ಒಂದು ದಿನ ನನ್ನನ್ನು ಕರೆದು, ನಿಮ್ಮ ಮಗಳು ಒರೆಸೋ ಬಟ್ಟೆ ಸಿಕ್ಕರೂ ಮೂಲೆಗೆ ಮೂಲೆ ಕೂಡಿಸಿ ಮಡಚ್ತಾಳೆ, ನೋಡಿದೀರಾ ಅಂತ ಕೇಳಿದರು. ಹಗಲಿಡೀ ಬಟ್ಟೆಯ ಮಧ್ಯೆ ಬದುಕುವವಳು ನಾನು. ನೋಡಿರಲಿಲ್ಲ. ಅಂದಿನಿಂದ ಅವಳ ಪಾಠವೆಲ್ಲ ಬಟ್ಟೆಯಲ್ಲಿ. ಎಣಿಕೆ ಟವೆಲ್ಲಿನಲ್ಲಿ, ಅಕ್ಷರ ಬಟ್ಟೆಗೆ ಹಚ್ಚಿದ ಚೀಟಿಯಲ್ಲಿ, ಗಡಿಯಾರ ನೋಡುವುದು ತೊಳೆಯುವ ಮೆಷಿನ್ ತಿರುಗುವ ಹೊತ್ತಿನಲ್ಲಿ. ಗಡಿಯಾರ ರಿಪೇರಿಯವರ ಮಗಳು ಗಂಟೆ ನೋಡುವುದನ್ನು ಬಟ್ಟೆ ಒಗೆಯುತ್ತಾ ಕಲಿತಳು. ನಗಬೇಡಿ.

ಅಲ್ಲಿ ಮನೆಯವರಿಗೂ ಒಂದು ಪಾಠವಿದೆ. ವಾರಕ್ಕೊಂದು ಕೆಲಸವನ್ನು ಮಗಳು ಮನೆಯಲ್ಲಿ ತಾನೇ ಮಾಡಬೇಕು, ಮುಗಿಯುವವರೆಗೆ ಮನೆಯವರು ಕೈ ಮಡಿಲಲ್ಲಿಟ್ಟು ಕೂತಿರಬೇಕು. ಕೇಳಲು ಎಷ್ಟು ಸುಲಭ! ಟೀ ಬಸಿದು ಕೊಡುವ ವಾರ ಅವಳು ಪಾತ್ರೆ ಹಿಡಿದು ಲೋಟದ ಮುಂದೆ ನಿಂತಳು. ನಿಂತೇ ಇದ್ದಳು. ಟೀ ಆರಿತು, ಕೆನೆ ಕಟ್ಟಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ ರೀ. ಎದ್ದು ಬಸಿದುಬಿಟ್ಟೆ. ಹಾಸಿಗೆ ಮಡಚುವ ವಾರವೂ ಅಷ್ಟೆ, ಗುಂಡಿ ಹಾಕುವ ವಾರವೂ ಅಷ್ಟೆ. ಸೋಮವಾರ ಟೀಚರಮ್ಮ ಕೇಳಿದರೆ ಇಲ್ಲ, ಅವಳ ಕೈಲಾಗಲಿಲ್ಲ ಅನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಅವಳು ಮಾಡಿದ್ದನ್ನು ನಾನು ಕಂಡಿದ್ದರೆ ತಾನೆ?

ಈಗ ಹೋದ ವಾರದ ಸಭೆಯ ಸಂಗತಿ. ಕಲಿಕೆಯ ಒಂದು ಹಂತ ಮುಗಿದಾಗ ಅಲ್ಲಿ ಸಭೆ ಸೇರಿಸುತ್ತಾರೆ. ಆ ಸಭೆಗೆ ಕಲಿಯುವವರೇ ಯಜಮಾನರು. ಮೇಜಿನ ತುದಿಯ ಮುಖ್ಯ ಕುರ್ಚಿ ದೊರೆಸಾನಿಗೆ, ಎದುರಿಗೆ ಟೀಚರಮ್ಮ, ಪಕ್ಕದಲ್ಲಿ ನಾನು. ಬನ್ನಿ ಕೂತ್ಕೊಳ್ಳಿ ಅಂತ ನನಗೇ ಬಹುವಚನ ಹಾಕಿದಳು. ಎಲ್ಲರಿಗೂ ನೀರು ತಂದಿಟ್ಟಳು. ಲೋಟ ತುಳುಕೀತು ಅಂತ ನಾನು ಅರ್ಧ ಎದ್ದೆ, ಟೀಚರಮ್ಮ ನನ್ನ ತೋಳು ಮುಟ್ಟಿ ಕೂರಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

ಮೇಜಿನ ಮೇಲೆ ಎರಡು ತಟ್ಟೆ. ಹಸಿರು ತಟ್ಟೆಗೆ ತನಗೆ ನೆರವಾಗುವುದನ್ನು ಹಾಕಬೇಕು, ಹಳದಿ ತಟ್ಟೆಗೆ ಅಡ್ಡ ಬರುವುದನ್ನು. ಬಾಯಲ್ಲಿ ಹೇಳಲು ತಡವರಿಸುವವರಿಗೆ ಇದು ಅವರ ದಾರಿ. ಚಿತ್ರಗಳ ಒಂದು ಕಟ್ಟು ಅವಳ ಕೈಯಲ್ಲಿ. ತೊಳೆಯುವ ಮೆಷಿನ್ ಹಸಿರಿಗೆ ಹೋಯಿತು. ಬಸ್ಸು ಹಸಿರಿಗೆ. ಗದ್ದಲದ ಚಿತ್ರ ಹಳದಿಗೆ. ಅವಸರ ಮಾಡುವ ಜನರ ಚಿತ್ರ ಹಳದಿಗೆ. ಟೀಚರಮ್ಮನ ಫೋಟೊ ಹಸಿರಿಗೆ. ಆಮೇಲೆ ನನ್ನ ಫೋಟೊ ಬಂತು, ಮೆಷಿನ್ನಿನ ಮುಂದೆ ಕೂತು ನಗುತ್ತಿರುವುದು. ನಾನು ಮುಖದಲ್ಲಿ ನಗು ಸಿದ್ಧ ಮಾಡಿಕೊಂಡೆ.

ಅದನ್ನು ಹಳದಿ ತಟ್ಟೆಗೆ ಹಾಕಿದಳು.

ಇನ್ನೊಂದ್ಸಲ ನೋಡು ದೊರೆಸಾನಿ, ಅವಸರ ಏನಿಲ್ಲ ಅಂದರು ಟೀಚರಮ್ಮ. ಅವಳು ಫೋಟೊ ತೆಗೆದಳು, ತೋಳಿನಿಂದ ಒರೆಸಿದಳು, ಮತ್ತೆ ಹಳದಿಗೇ ಇಟ್ಟಳು. ತಟ್ಟೆಯ ಅಂಚಿಗೆ ಫೋಟೊದ ಅಂಚು ಸರಿಯಾಗಿ ಕೂಡುವ ಹಾಗೆ ನೇರ ಮಾಡಿದಳು. ಯಾಕೆ ಅಂತ ಕೇಳಿದ್ದಕ್ಕೆ, ಅಮ್ಮ ಮಾಡ್ಬಿಡ್ತಾಳೆ, ನಾನು ಶುರು ಮಾಡೋಷ್ಟರಲ್ಲಿ ಆಗೋಗಿರುತ್ತೆ ಅಂದಳು. ಕೋಪವಿಲ್ಲ, ಅಳುವಿಲ್ಲ. ಹೊರಗೆ ಬಿಸಿಲಿದೆ ಅನ್ನುವಷ್ಟು ಸಹಜವಾಗಿ ಅಂದಳು. ಕೆಳಗೆ ಟೈರ್ ಅಂಗಡಿಯವನು ಏನನ್ನೋ ಬಡಿಯುತ್ತಿದ್ದ. ನನಗೆ ಆ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ನಿಮ್ಮ ಫೋಟೊವೂ ಆ ಕಟ್ಟಿನಲ್ಲಿತ್ತು. ಮುಚ್ಚಿಡೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ನೀವು ಹಸಿರು ತಟ್ಟೆಗೆ ಹೋದಿರಿ. ಫೋನಲ್ಲೂ ಅಪ್ಪ ಸುಮ್ನೆ ಕೇಳ್ತಾ ಕೂತಿರ್ತಾರೆ, ನಾನು ಮುಗಿಸ್ತೀನಿ ಅಂದಳು. ನನಗೆ ನಗು ಬಂದುಬಿಟ್ಟಿತು, ಆ ಸಭೆಯಲ್ಲಿ, ಕಣ್ಣು ತುಂಬಿಕೊಂಡೇ. ನೀವು ಸುಮ್ಮನೆ ಕೂರುತ್ತೀರಿ ಅಂತ ತಾನೆ ಅಷ್ಟು ವರ್ಷ ನಿಮ್ಮ ಜೊತೆ ಜಗಳವಾಡಿದ್ದು? ನಿಮ್ಮ ಸೋಮಾರಿತನ ಈಗ ಒಂದು ವಿದ್ಯೆಯಾಗಿದೆ. ಗೆದ್ದೆ ಅಂತ ಬೀಗಬೇಡಿ, ನನ್ನ ಕೈಲಿ ತಡೆದುಕೊಳ್ಳಲು ಆಗುವುದಿಲ್ಲ.

ನಾನು ಸುಮ್ಮನೆ ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ಸಭೆ ಮುಗಿದು ಅವಳು ತನ್ನ ಕೆಲಸಕ್ಕೆ ಎದ್ದುಹೋದ ಮೇಲೆ, ಲಾಂಡ್ರಿ ಯಾಕೆ, ನನ್ನ ಹತ್ತಿರವೇ ಗುಂಡಿ ಹೊಲಿಯಲಿ, ಕಣ್ಣೆದುರಿಗಿರುತ್ತಾಳೆ, ಕೈ ಸುಟ್ಟುಕೊಳ್ಳುವ ಇಸ್ತ್ರಿಯ ಸಹವಾಸ ಯಾಕೆ ಅಂತ ವಾದ ಮಾಡಿದೆ. ಟೀಚರಮ್ಮ ಹಿಂದಿನ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಒಳಗೆ ದೊರೆಸಾನಿ ದೊಡ್ಡ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಎಡಗೈ ಬಟ್ಟೆಯನ್ನು ಎಳೆದು ಹಿಡಿದಿತ್ತು, ಬಲಗೈ ಹೋಗಿ ಬರುತ್ತಿತ್ತು, ಬಾಯಲ್ಲಿ ಸಣ್ಣಗೆ ಏನೋ ಗುನುಗು. ನಾನು ಇಷ್ಟು ವರ್ಷ ಹೊಲಿದಿದ್ದೇನೆ, ಅಷ್ಟು ಹದವಾದ ಕೈ ನನಗೂ ಇಲ್ಲ. ಅಯ್ಯೋ ನನ್ನ ಮಗಳೇ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ತಲೆಯೆತ್ತಿ ನನ್ನನ್ನು ನೋಡಿದಳು. ಕೈ ನಿಂತುಹೋಯಿತು. ಇಸ್ತ್ರಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈ ಇಳಿಬಿಟ್ಟು, ನಾನು ಬಂದು ಮಾಡಿಕೊಡಲಿ ಅಂತ ಕಾಯುತ್ತಾ ನಿಂತಳು.

ಟೀಚರಮ್ಮ ನನ್ನನ್ನು ಮೆಲ್ಲಗೆ ಗೋಡೆಯ ಮರೆಗೆ ಸರಿಸಿದರು. ಸ್ವಲ್ಪ ಹೊತ್ತಿಗೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಚುಂಯ್ ಅಂದ ಸದ್ದು ಕೇಳಿಸಿತು. ಮತ್ತೆ ಗುನುಗು ಶುರುವಾಯಿತು. ನಾನು ಗೋಡೆಗೆ ಒರಗಿ ಕೂತು ಅತ್ತೆ. ಕಳಿಸಿಕೊಡ್ತೀನಿ ಅಂತ ಅಲ್ಲೇ ಹೇಳಿದೆ.

ನಿಮ್ಮ ಮನೆಯಲ್ಲಿ ಅವಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಇಲ್ಲಿ ಬರೆಯಬೇಕು. ಹಾಲು ಕಾಯಿಸಿ ಕೊಡಿ ಅಂತ ಬರೆಯಹೊರಟೆ, ಕೇಂದ್ರದಲ್ಲಿ ಅವಳೇ ಕಾಯಿಸುತ್ತಾಳಂತೆ. ಬೀದಿ ದಾಟಿಸಿ ಅನ್ನೋಣ ಅಂದರೆ, ಬಸ್ಸಿನ ಹುಚ್ಚಿನವನನ್ನು ಇವಳೇ ದಾಟಿಸುತ್ತಾಳಂತೆ. ನಾಯಿ ಕಂಡರೆ ಹೆದರುತ್ತಾಳೆ, ಇದೊಂದು ಇನ್ನೂ ನಿಜ. ಜ್ವರ ಬಂದರೆ ಬಾಯಿಬಿಟ್ಟು ಹೇಳುವುದಿಲ್ಲ, ಕಿವಿ ಮುಟ್ಟಿ ನೋಡಿ. ಅವಳ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ ಉಳಿದಿದೆ ಅಂತ ಬರೆಯುವಾಗಲೇ ತಿಳಿಯುತ್ತಿದೆ.

ಲಾಂಡ್ರಿಯಲ್ಲಿ ಮೊದಮೊದಲು ಒಬ್ಬರು ಜೊತೆಗಾರ್ತಿ ಅವಳ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಾರೆ, ಬರಬರುತ್ತ ದೂರ ಸರಿಯುತ್ತಾರೆ. ವಾರಕ್ಕೊಂದು ದಿನ ಅಲ್ಲೇ ಮುಂದಿನ ತರಗತಿ ಇದೆ, ದೊಡ್ಡ ಮೆಷಿನ್ ನಡೆಸುವುದನ್ನು ಕಲಿಸುತ್ತಾರಂತೆ. ಅವಳಿಗೆ ಅದೇ ಆಸೆ. ತರಗತಿ ತಪ್ಪಿಸಬೇಡಿ. ಕೆಲವು ತಿಂಗಳು ನಾನು ಅಲ್ಲಿಗೆ ಬರಬಾರದು, ರಜೆಗೆ ಅವಳೇ ಇಲ್ಲಿಗೆ ಬರಲಿ ಅಂತ ಟೀಚರಮ್ಮ ಹೇಳಿದ್ದಾರೆ. ಹೊರಡುವ ದಿನ ಬಸ್ ನಿಲ್ದಾಣಕ್ಕೆ ಬರಲೇನೇ ಅಂತ ಕೇಳಿದೆ. ಬೇಡಮ್ಮ, ಮನೇಲೇ ಟಾಟಾ ಮಾಡು ಅಂದಳು. ಆಯಿತು ಅಂದೆ.

ನನ್ನ ಚಿಂತೆ ನಿಮಗೆ ಬೇಡ. ಹೊಲಿಗೆ ಬೇಕಾದಷ್ಟು ಬಂದು ಬಿದ್ದಿದೆ, ತಲೆಯೆತ್ತಲು ಪುರುಸೊತ್ತಿಲ್ಲ. ಇಬ್ಬರಿಗೆ ಅಳತೆ ಹಾಕಿ ಟೀಗಿಟ್ಟು ಅಭ್ಯಾಸ, ಅದನ್ನೊಂದು ತಿದ್ದಿಕೊಳ್ಳಬೇಕು. ನೀವು ಆಗಲಿ ಅಂತ ಅವಳಿಗೇ ಫೋನ್ ಮಾಡಿ ಹೇಳಿ, ನನಗೆ ಹೇಳುವುದು ಬೇಡ. ಅವಳ ಮುಖ ಅರಳುವುದನ್ನು ನಾನು ಇಲ್ಲಿಂದ ನೋಡಿಕೊಳ್ಳುತ್ತೇನೆ.

ಮಡಿಲಲ್ಲಿ ಕೈ ಇಟ್ಟು ಕೂರುವುದನ್ನು ಇನ್ನೂ ಕಲಿಯುತ್ತಿರುವ,
ದೊರೆಸಾನಿಯ ಅಮ್ಮ

ತಾ.ಕ.: ನಿನ್ನೆ ಕೇಂದ್ರದ ಮೆಟ್ಟಿಲ ಹತ್ತಿರ ಟೀಚರಮ್ಮ ಮಾತಿನ ಮಧ್ಯೆ, ಅಲ್ಲಿನ ಹುಡುಗಿಯರಿಗೆಲ್ಲ ದೊರೆಸಾನಿಯೇ ಜಡೆ ಹಾಕುವುದು, ತನ್ನದನ್ನೂ ಎಷ್ಟು ಚೆನ್ನಾಗಿ ಹಾಕಿಕೊಳ್ಳುತ್ತಾಳೆ ಅಂದರು. ಅವಳು ಕಲಿತು ವರ್ಷವಾಯಿತಂತೆ. ಮನೆಯಲ್ಲಿ ದಿನಾ ಬೆಳಿಗ್ಗೆ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಾಳೆ. ಇವತ್ತೂ ಕೂತಳು. ನಿಂಗೇ ಬರುತ್ತಂತಲ್ಲೇ ಅಂದೆ. ಹೂಂ ಅಂದಳು. ಮತ್ಯಾಕೆ ನನ್ನ ಹತ್ರ ಬರ್ತೀಯ ಅಂದೆ. ನಿಂಗೂ ಏನಾದ್ರೂ ಬೇಕಲ್ಲಮ್ಮ ಅಂದಳು.

ನಿಮಗೆ ಜಡೆ ಹಾಕಲು ಬರುವುದಿಲ್ಲ, ಗೊತ್ತು. ಆದರೂ ಯಾವತ್ತಾದರೂ ಬಾಚಣಿಗೆ ಹಿಡಿದು ನಿಮ್ಮ ಮುಂದೆ ಬಂದು ಕೂತರೆ, ನೀನೇ ಹಾಕ್ಕೋ ಅನ್ನಬೇಡಿ. ಹೇಗೆ ಬರುತ್ತದೋ ಹಾಗೆ ಹಾಕಿ. ತನಗೆ ಬರುವುದಿಲ್ಲ ಅಂತ ಅವಳು ಕೂತಿರುವುದಿಲ್ಲ, ನಿಮ್ಮ ಮುಖ ಬಾಡಿದ್ದನ್ನು ನೋಡಿ ಕೂತಿರುತ್ತಾಳೆ.