ಅವ್ವನ ಎಡಗೈ

೧೮ ನವೆಂಬರ್ ೨೦೨೫, ಮಂಗಳವಾರ. ಭಾಗ್ಯನಗರ.

ಬೆಳಿಗ್ಗೆ ನರ್ಸಿಂಗ್ ಕಾಲೇಜಿನಲ್ಲಿ ನಾನೇ ಹೇಳಿದ ಪಾಠ ಇನ್ನೂ ಕೊರೆಯುತ್ತಿದೆ. ಗಾಯವಾದ ಕಡೆ ನರ್ವ್ ಗ್ರೋತ್ ಫ್ಯಾಕ್ಟರ್ ಎಂಬ, ನರ ಬೆಳೆಸುವ ಪ್ರೋಟೀನ್ ಹೆಚ್ಚುತ್ತದೆ. ಅದು ನರದ ಗುಂಟ ಸಾಗಿ ನರಕೋಶ ಮುಟ್ಟಿದರೆ, ನೋವಿನ ಸುದ್ದಿ ಒಯ್ಯುವ ಸಬ್‌ಸ್ಟೆನ್ಸ್ ಪಿ ಅಲ್ಲಿ ಹೆಚ್ಚು ತಯಾರಾಗುತ್ತದೆ. ಚರ್ಮ ಕೂಡಿದ ಮೇಲೂ ಕೆಲವರಿಗೆ ಬಟ್ಟೆ ಸೋಕಿದರೆ ಉರಿಯುತ್ತದೆ.

ದುರ್ಗಾದೇವಿ ಎಂಬ ಹುಡುಗಿ ಎದ್ದು ಕೇಳಿದಳು: “ಹಂಗಾರ ಗಾಯ ಮಾದ ಮ್ಯಾಲೂ ನೋವು ಅನ್ನೋರು ನಾಟಕ ಮಾಡಂಗಿಲ್ಲೇನ್ರಿ ಸರ್?”

“ಇಲ್ಲವ್ವ, ಅದನ್ನ ನಾಟಕ ಅನ್ನೋದ ತಪ್ಪು,” ಅಂದೆ. ಎಷ್ಟು ಗತ್ತಿನಿಂದ ಅಂದೆ!

ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿದ ಅವ್ವನ ಎಡಗೈ ಮಾಯ್ದು ತಿಂಗಳಾಯಿತು. “ಸೆರಗು ತಾಗಿದ್ರೂ ಉರೀತೈತಿ ತಿರುಮಲ,” ಅಂದವಳಿಗೆ ಮೊನ್ನೆ ಓಣಿಯ ಹೆಂಗಸರ ಎದುರಿಗೇ “ಸಾಕ್ ಮಾಡ್ಬೇ ನಾಟಕ” ಅಂದವನು ನಾನು.

ಸಂಜೆ ಮನೆಗೆ ಬಂದಾಗ ಅವ್ವ ಬಲಗೈ ಒಂದರಲ್ಲೇ ರೊಟ್ಟಿ ತಟ್ಟುತ್ತಿದ್ದಳು. ತಪ್ಪಾಯಿತು ಅನ್ನಬೇಕೆಂದೇ ಅಡುಗೆಮನೆಗೆ ಹೋದೆ. ನನ್ನನ್ನು ಕಂಡವಳೇ ಹಲ್ಲು ಕಚ್ಚಿ, ಎಡಗೈಯನ್ನೂ ಹಿಟ್ಟಿನ ಮೇಲಿಟ್ಟು ತಟ್ಟತೊಡಗಿದಳು.

“ಈಗ ಏನೂ ಇಲ್ಲಪಾ,” ಅಂದಳು, ನಾನಿನ್ನೂ ಬಾಯಿ ತೆರೆಯುವ ಮೊದಲೇ.